ಚಹಾ ಬಣ್ಣದ ಹೊಂಡದ ನೀರು, ಗೋವಿನಜೋಳದ ದಿಂಡಿನ ಇದ್ದಿಲು

ನಮ್ಮ ತೋಟದ ಮನೆಯ ಅಡುಗೆಮನೆ ಕಿಟಕಿಯಲ್ಲಿ ಆರು ಗಾಜಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದೇನೆ. ಎಡಗಡೆ ಮೊದಲನೆಯದರಲ್ಲಿ ಕೃಷಿ ಹೊಂಡದ ನೀರು, ತಂದದ್ದು ತಂದ ಹಾಗೆ. ಎರಡನೆಯದರಲ್ಲಿ ಅರ್ಧ ಹೊಂಡದ ನೀರು, ಅರ್ಧ ಆರ್‌ಓ ನೀರು. ಮೂರನೆಯದರಲ್ಲಿ ಹೊಂಡದ ನೀರು ನಾಲ್ಕರಲ್ಲಿ ಒಂದು ಪಾಲು, ಆಮೇಲೆ ಎಂಟರಲ್ಲಿ ಒಂದು, ಹದಿನಾರರಲ್ಲಿ ಒಂದು. ಕೊನೆಯದು ಬರೀ ಆರ್‌ಓ ನೀರು. ಹಿಂದೆ ಒಂದು ಬಿಳಿ ಕಾಗದ. ಹೊಂಡದ ನೀರಿನ ಕಂದು ಬಣ್ಣವನ್ನು ಹೊಲದ ಕಸದ ಇದ್ದಿಲಿನಿಂದ ತೆಗೆಯಲು ಈ ಮೂರು ತಿಂಗಳು ನಾನು ಮಾಡಿದ ಕೆಲಸಕ್ಕೆಲ್ಲ ಇದೇ ಅಳತೆಗೋಲು. ಸೋಸಿದ ನೀರನ್ನು ಏಳನೇ ಬಾಟಲಿಗೆ ತುಂಬಿ, ಅದು ಯಾವುದಕ್ಕೆ ಹೋಲುತ್ತದೆ ಅಂತ ನೋಡುವುದು. ಬಣ್ಣ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಆದರೆ ಕಣ್ಣು ಹೀಗೆ ಹೋಲಿಸಿ ನೋಡುವಾಗ ಸಾಕಷ್ಟು ಚುರುಕಾಗಿರುತ್ತದೆ. ಬಾಟಲಿಗಳನ್ನು ವಾರಕ್ಕೊಮ್ಮೆ ಹೊಸದಾಗಿ ತುಂಬಬೇಕು, ಬಿಸಿಲಿಗೆ ಬಣ್ಣ ಮಾಸುತ್ತದೆ.

ನಮ್ಮ ತೋಟ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಲ್ಲಿದೆ. ಸುತ್ತ ಕಬ್ಬು, ನಡುನಡುವೆ ಗೋವಿನಜೋಳ. ಘಟಪ್ರಭೆಯ ನೀರು ಬಂದ ಮೇಲೆ ಬೆಳೆ ಜಾಸ್ತಿಯಾಯಿತು, ಅದರ ಜೊತೆಗೇ ಉಪ್ಪೇರಿ, ನೀರು ನಿಂತು ಕೆಡುವ ಸವಳು-ಜವಳು ಭೂಮಿಯೂ ಜಾಸ್ತಿಯಾಯಿತು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಲೀಟರಿಗೆ 1900 ಮಿಲಿಗ್ರಾಂ ಆಸುಪಾಸು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ. ಊರಿನ ಪೈಪು ತೋಟದ ತನಕ ಬಂದಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೋಡಿಸಿ ತಾಡಪಾಲು ಹಾಸಿಸಿದೆವು. ಮಳೆ ನೀರು ನಿಂತಿತು. ಟಿಡಿಎಸ್ ಬರೀ 90. ಮೆತ್ತನೆಯ, ಸಿಹಿ ನೀರು. ಆದರೆ ಏರಿಯ ಮೇಲೆ ಬೇವು, ಜಾಲಿ ಇವೆ. ಚಳಿ ಮುಗಿದು ಎಲೆ ಉದುರುವ ಹೊತ್ತಿಗೆ ನೀರು ಕಂದುಬಣ್ಣಕ್ಕೆ ತಿರುಗಿತು. ಅವ್ವ ಒಂದು ತಂಬಿಗೆ ತುಂಬಿ ನನ್ನ ಮುಂದೆ ಹಿಡಿದಳು. "ಇದೇನ ನೀರ ಐತೋ, ಚಾ ಐತೋ? ಇದರಾಗ ಅನ್ನಾ ಮಾಡ್ಲೇನು?"

ಅವ್ವ ಹೇಳಿದ್ದು ಅಕ್ಷರಶಃ ಸರಿ. ಚಹಾ ಪುಡಿಯನ್ನು ಬಿಸಿ ನೀರಲ್ಲಿ ಹಾಕಿದಾಗ ಏನಾಗುತ್ತದೋ, ಬೇವಿನ ಎಲೆ ತಣ್ಣೀರಲ್ಲಿ ವಾರಗಟ್ಟಲೆ ನೆನೆದಾಗಲೂ ಹೆಚ್ಚುಕಮ್ಮಿ ಅದೇ ಆಗುತ್ತದೆ. ಎಲೆಯ ಒಗರು ನೀರಿಗೆ ಇಳಿಯುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸುತ್ತಾ ಹೋದಂತೆ ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲ ಅನ್ನುವ ದೊಡ್ಡ ದೊಡ್ಡ ಅಣುಗಳು ಉಳಿಯುತ್ತವೆ. ಗೊಬ್ಬರದ ಅಂಗಡಿಯಲ್ಲಿ ಬೆಳೆಗೆ ಅಂತ ಮಾರುವ ಹ್ಯೂಮಿಕ್ ಕೂಡ ಇದೇ ಜಾತಿಯದು. ಇವು ಮಣ್ಣಿನ ಕಣಗಳಲ್ಲ, ನೀರಲ್ಲಿ ಕರಗಿರುವ ವಸ್ತು. ಎಷ್ಟು ಮಡಿಕೆ ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಬಣ್ಣ ಇನ್ನೂ ಗಟ್ಟಿಯಾಗುತ್ತದೆ.

ಈ ವಸ್ತುಗಳು ತಾವಾಗಿಯೇ ಅಂಥ ವಿಷವೇನೂ ಅಲ್ಲ. ತೊಂದರೆ ಬರುವುದು ನಾವು ಅವುಗಳ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದಾಗ. ನಾನು ಮೊದಲು ಮಾಡಿದ್ದೇ ಅದನ್ನು.

500 ಲೀಟರ್ ಟ್ಯಾಂಕಿಗೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಬಣ್ಣ ಅರ್ಧಕ್ಕಿಂತ ಕಡಿಮೆ. ಮನೆಯವರಿಗೆಲ್ಲ ಖುಷಿ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಣ್ಣ ಹೋದ ಮಾತ್ರಕ್ಕೆ ವಸ್ತು ಹೋಯಿತು ಅಂತಲ್ಲ ಅಂತ ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ. ಹ್ಯೂಮಿಕ್ ಅಣುಗಳನ್ನು ಕ್ಲೋರಿನ್ ಕತ್ತರಿಸುತ್ತದೆ. ಕತ್ತರಿಸಿದ ಚೂರುಗಳಲ್ಲಿ ಕೆಲವು ಆರೋಗ್ಯಕ್ಕೆ ಹಾನಿ ಮಾಡುವ, ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳಾಗುತ್ತವೆ. 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಯೊಹಾನ್ಸ್ ರೂಕ್ ಅನ್ನುವ ರಸಾಯನಶಾಸ್ತ್ರಜ್ಞ ಇದನ್ನು ಪ್ರಕಟಿಸಿದರು. ಅಲ್ಲೂ ಅದಕ್ಕೆ ಮೂಲ ನೀರಿನಲ್ಲಿದ್ದ ಇಂಥದೇ ಬಣ್ಣದ ವಸ್ತುಗಳು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಕೂಡ 2012ರ ಆವೃತ್ತಿಯಲ್ಲಿ ಕ್ಲೋರೋಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ ಅನ್ನುವ ಮಿತಿ ಇಟ್ಟಿದೆ. ಇದನ್ನು ಓದಿ ಕ್ಲೋರಿನ್ ಹಾಕುವುದನ್ನೇ ಬಿಡಬೇಡಿ. ಹೊಂಡದ ನೀರಿನ ರೋಗಾಣುಗಳು ಈ ವಾರವೇ ಕಾಯಿಲೆ ಬೀಳಿಸುತ್ತವೆ. ಕ್ಲೋರಿನ್ ಬೇಕೇ ಬೇಕು. ಬಣ್ಣವನ್ನು ಮೊದಲು ತೆಗೆದು, ಆಮೇಲೆ ಕ್ಲೋರಿನ್ ಹಾಕಬೇಕು. ಅನುಕ್ರಮದ ಮಾತು ಇದು.

ಇನ್ನೊಂದು ವಿಷಯ ಅವತ್ತೇ ಗೊತ್ತಾಯಿತು. ಪಂಚಾಯತಿ ವಾಟರ್‌ಮನ್ ಹತ್ತಿರ ಕ್ಲೋರಿನ್ ನೋಡುವ ಕಿಟ್ ತಂದು ಪರೀಕ್ಷಿಸಿದೆ. ಹಳದಿ ಬಂತು. ಕ್ಲೋರಿನ್ ಇದೆ ಅಂದುಕೊಂಡೆ. ಆಮೇಲೆ ಹನಿ ಔಷಧ ಹಾಕದ ನೀರನ್ನೂ ಪಕ್ಕದಲ್ಲಿ ಹಿಡಿದು ನೋಡಿದರೆ ಅದೂ ಅಷ್ಟೇ ಹಳದಿ! ಆ ಕಿಟ್‌ನಲ್ಲಿ ಬಳಸುವ ಆರ್ಥೋಟೊಲಿಡಿನ್ ಕ್ಲೋರಿನ್‌ಗೆ ಹಳದಿಯಾಗುತ್ತದೆ, ನಮ್ಮ ನೀರು ಮೊದಲೇ ಹಳದಿ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆ ತರಿಸಿ ನೋಡಿದಾಗ ನಿಜ ತಿಳಿಯಿತು. ಕ್ಲೋರಿನ್ ಸೊನ್ನೆ. ಹಾಕಿದ್ದನ್ನೆಲ್ಲ ಬಣ್ಣವೇ ನುಂಗಿತ್ತು, ರೋಗಾಣು ಕೊಲ್ಲಲು ಏನೂ ಉಳಿದಿರಲಿಲ್ಲ.

ಅಲ್ಲಿಂದ ನನ್ನ ಎರಡನೇ ಅಳತೆ ಹುಟ್ಟಿತು. 1 ಲೀಟರ್ ನೀರಿಗೆ 1 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ ತಿಳಿಯಾಗಲು ಬಿಡುವುದು. ಪೌಡರಿನಲ್ಲಿ ಕ್ಲೋರಿನ್ ಶೇಕಡಾ 25 ಅಂತ ಹಿಡಿದರೆ, ಈ ತಿಳಿಯ 1 ಮಿಲಿಲೀಟರ್‌ನಲ್ಲಿ 0.25 ಮಿಲಿಗ್ರಾಂ ಇರುತ್ತದೆ. ಒಂದೊಂದು ಲೀಟರ್ ಹೊಂಡದ ನೀರಿರುವ ಬಾಟಲಿಗಳಿಗೆ ಸಿರಿಂಜಿನಲ್ಲಿ 4, 8, 12 ಹೀಗೆ ಏರಿಸುತ್ತಾ ಹಾಕಿ, ಅರ್ಧ ಗಂಟೆ ಕಾದು, ಯಾವ ಬಾಟಲಿಯಲ್ಲಿ ಕ್ಲೋರಿನ್ ಉಳಿದಿದೆ ಅಂತ ನೋಡುವುದು. ನಮ್ಮ ಹೊಂಡದ ನೀರಿಗೆ 24 ಮಿಲಿಲೀಟರ್ ಬೇಕಾಯಿತು. ಅಂದರೆ ಲೀಟರಿಗೆ 6 ಮಿಲಿಗ್ರಾಂ. ಬಣ್ಣದ ಬಾಟಲಿಗಿಂತಲೂ ಈ ಅಂಕಿಯನ್ನೇ ನಾನು ಜಾಸ್ತಿ ನಂಬುತ್ತೇನೆ. ನೀರಲ್ಲಿ ಇನ್ನೂ ಎಷ್ಟು ಕೊಳೆ ಉಳಿದಿದೆ ಅನ್ನುವುದನ್ನು ಅದು ನೇರವಾಗಿ ಹೇಳುತ್ತದೆ.

ಸುಡದ ಕಸ ಹಾಕಿದಾಗ ಆದದ್ದು

ಹೊಲದ ಕಸದಿಂದ ನೀರು ಶುದ್ಧ ಮಾಡಬಹುದು ಅಂತ ಎಲ್ಲೆಡೆ ಓದುತ್ತೇವೆ. ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆ, ದಾಳಿಂಬೆ ಸಿಪ್ಪೆ, ಪಟ್ಟಿ ದೊಡ್ಡದಿದೆ. ನಮ್ಮಲ್ಲಿ ಕಸಕ್ಕೆ ಬರವಿಲ್ಲ. ಪಕ್ಕದ ಬೆಲ್ಲದ ಗಾಣದಿಂದ ಒಣಗಿದ ಕಬ್ಬಿನ ಸಿಪ್ಪೆ ತಂದು, ಚೆನ್ನಾಗಿ ತೊಳೆದು, ಕತ್ತರಿಸಿ ಬಕೆಟ್‌ನಲ್ಲಿ ಹೊಂಡದ ನೀರು ತುಂಬಿ ಹಾಕಿದೆ. ಎರಡು ದಿನಕ್ಕೆ ನೀರು ಮೊದಲಿಗಿಂತ ಕಂದಾಯಿತು, ಮೂರನೇ ದಿನಕ್ಕೆ ಹುಳಿ ವಾಸನೆ. ಯೋಚಿಸಿದರೆ ಸಹಜವೇ. ಸಿಪ್ಪೆಯಲ್ಲಿ ಉಳಿದ ಸಕ್ಕರೆ ನೀರಿಗೆ ಬಂತು, ಅದರ ಬಣ್ಣವೂ ಬಂತು. ಎಲೆ ಕೊಳೆತು ಕೆಟ್ಟ ನೀರಿಗೆ ನಾನು ಇನ್ನಷ್ಟು ಕೊಳೆಯುವ ವಸ್ತು ಹಾಕಿದ್ದೆ. ಸುಡದ ಸಿಪ್ಪೆ ಕೆಲವು ಲೋಹಗಳನ್ನು ಹಿಡಿಯುತ್ತದೆ, ಅದು ಬೇರೆ ಕೆಲಸ. ಹ್ಯೂಮಿಕ್ ಹಿಡಿಯಲು ಅದು ತಕ್ಕದ್ದಲ್ಲ. ಆ ಅಣುಗಳ ಮೇಲೆ ಋಣ ವಿದ್ಯುತ್ತು ಇರುತ್ತದೆ, ಸಿಪ್ಪೆಯ ಮೇಲ್ಮೈಯಲ್ಲೂ ಋಣವೇ. ಒಂದನ್ನೊಂದು ದೂರ ತಳ್ಳುತ್ತವೆ.

ನುಗ್ಗೆ ಬೀಜವನ್ನೂ ನೋಡಿದೆ. ಬೀಜದ ತಿರುಳು ಕುಟ್ಟಿ ಹಾಕಿದರೆ ರಾಡಿ ನೀರು ತಿಳಿಯಾಗುವುದು ನಿಜ, ಅದರಲ್ಲಿರುವ ಧನ ವಿದ್ಯುತ್ತಿನ ಪ್ರೋಟೀನ್ ಆ ಕೆಲಸ ಮಾಡುತ್ತದೆ. ನಮ್ಮ ನೀರಲ್ಲೂ ಬಣ್ಣ ಸ್ವಲ್ಪ ಇಳಿಯಿತು. ಆದರೆ ಬೀಜದ ಉಳಿದ ಭಾಗವೂ ನೀರಲ್ಲೇ ಉಳಿಯುತ್ತದೆ. ಎರಡು ದಿನಕ್ಕೆ ನೀರು ನಾರಿತು. ಮಳೆಗಾಲದ ಕೆಂಪು ನೀರನ್ನು ಅವತ್ತೇ ಬಳಸುವುದಾದರೆ ನುಗ್ಗೆ ಬೀಜ ಒಳ್ಳೆಯದು. ಈ ಕೆಲಸಕ್ಕೆ ಬೇಡ.

ಹಾಗಾಗಿ ಸುಡಲೇಬೇಕು ಅಂತ ನಿರ್ಧಾರ ಮಾಡಿದೆ. ಗಾಳಿ ಇಲ್ಲದೆ ಸುಟ್ಟರೆ ಸಕ್ಕರೆ, ಒಗರು, ಕೊಳೆಯುವುದೆಲ್ಲ ಹೊಗೆಯಾಗಿ ಹೋಗಿ ತೂತು ತೂತಾದ ಇಂಗಾಲ ಮಾತ್ರ ಉಳಿಯುತ್ತದೆ. ಯಾವುದನ್ನು ಸುಡುವುದು? ಕಬ್ಬಿನ ಸಿಪ್ಪೆಯ ಇದ್ದಿಲು ಹತ್ತಿಯಂತೆ ಹಗುರ, ಪೈಪಿನಲ್ಲಿ ಒತ್ತಿಕೊಂಡು ನೀರೇ ಇಳಿಯಲಿಲ್ಲ. ಶೇಂಗಾ ಸಿಪ್ಪೆಯದು ಮುಟ್ಟಿದರೆ ಪುಡಿ. ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡು ಸರಿಹೋಯಿತು. ಸುಟ್ಟ ಮೇಲೂ ಆಕಾರ ಬಿಡುವುದಿಲ್ಲ, ಕುಟ್ಟಿದರೆ ಹರಳು ಹರಳಾಗಿ ಒಡೆಯುತ್ತದೆ. ರಾಶಿ ಮಾಡಿದ ಮೇಲೆ ಹೊಲದ ಅಂಚಿನಲ್ಲಿ ಗುಡ್ಡೆ ಬಿದ್ದಿರುತ್ತದೆ, ಯಾರೂ ಕೇಳುವುದಿಲ್ಲ.

ಡಬ್ಬಿಯೊಳಗೆ ಡಬ್ಬಿ

ಒಲೆ ಬಹಳ ಸರಳ. 200 ಲೀಟರ್‌ನ ಹಳೇ ಕಬ್ಬಿಣದ ಬ್ಯಾರಲ್, ಮೇಲ್ಭಾಗ ಕತ್ತರಿಸಿದ್ದು, ಬುಡದ ಸುತ್ತ ಗಾಳಿಗೆ ಎಂಟು ತೂತು. ಒಳಗೆ ಮೂರು ಇಟ್ಟಿಗೆ. ಇಟ್ಟಿಗೆಯ ಮೇಲೆ 15 ಕೆಜಿ ಎಣ್ಣೆಯ ಖಾಲಿ ತಗಡಿನ ಡಬ್ಬಿಗಳು ಎರಡು. ಡಬ್ಬಿಯಲ್ಲಿ ಒಣ ದಿಂಡು ಒತ್ತಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಐದಾರು ತೂತು ಹೊಡೆದು, ಮುಚ್ಚಳ ಕೆಳಗೆ ಬರುವಂತೆ ಬೋರಲು ಇಡಬೇಕು. ಸುತ್ತ ಸೌದೆ ಹಾಕಿ ಉರಿ ಹಚ್ಚಬೇಕು. ದಿಂಡಿನಿಂದ ಹೊರಡುವ ಹೊಗೆ ಕೆಳಗಿನ ತೂತಿನಿಂದ ಬಂದು ಅದೇ ಬೆಂಕಿಯಲ್ಲಿ ಉರಿಯುತ್ತದೆ. ಹೊಗೆಯೂ ಕಡಿಮೆ, ಸೌದೆಯೂ ಕಡಿಮೆ. ಒಂದು ಡಬ್ಬಿಗೆ ಸುಮಾರು 3 ಕೆಜಿ ದಿಂಡು ಹಿಡಿಯಿತು. ಹೊಸ ಡಬ್ಬಿಯ ಬಣ್ಣ, ಉಳಿದ ಎಣ್ಣೆ ಹೋಗಲು ಮೊದಲು ಖಾಲಿ ಡಬ್ಬಿಯನ್ನೇ ಒಮ್ಮೆ ಸುಟ್ಟುಕೊಳ್ಳಿ.

ಕಾವು ಎಷ್ಟು ಏರಿತು ಅಂತ ತಿಳಿಯುವುದು ಹೇಗೆ? ಅಷ್ಟು ಕಾವು ಅಳೆಯುವ ಥರ್ಮಾಮೀಟರ್ ನನ್ನ ಹತ್ತಿರ ಇಲ್ಲ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ ಅಂತ ಪಾಠದಲ್ಲಿ ಬರುತ್ತದೆ ಅಲ್ವಾ? ಬೆರಳುದ್ದದ ಅಲ್ಯುಮಿನಿಯಂ ತಂತಿಯನ್ನು ದಿಂಡುಗಳ ನಡುವೆ ಸಿಕ್ಕಿಸಿಟ್ಟೆ.

ಮೊದಲ ಸಲ ಸುತ್ತ ಕಬ್ಬಿನ ರವದಿ, ಅಂದರೆ ಒಣ ಗರಿ, ತುಂಬಿದೆ, ನಮ್ಮ ಹೊಲದಲ್ಲಿ ಅದೇ ರಾಶಿ ಬಿದ್ದಿತ್ತು. ಧಗಧಗ ಉರಿಯಿತು. ಮತ್ತೆ ಮತ್ತೆ ತುಂಬಿದರೂ ಮುಕ್ಕಾಲು ಗಂಟೆಯಲ್ಲಿ ಬೂದಿ. ಮರುದಿನ ತೆಗೆದರೆ ದಿಂಡು ಕಪ್ಪಾಗಿತ್ತು, ತಂತಿ ಮಾತ್ರ ಇಟ್ಟ ಹಾಗೇ ಇತ್ತು. ಕೆಲವು ದಿಂಡು ಒಡೆದರೆ ಒಳಗೆ ಕಂದು. ಕಾಕಾ ಬಂದು ನೋಡಿದರು. "ರವದಿ ಅಂದ್ರ ಕಾಗದ ಇದ್ದಂಗ ತಂಗಿ. ಉರಿ ಜೋರ ಬರತೈತಿ, ಕಾವು ನಿಲ್ಲೂದಿಲ್ಲ. ತೊಗರಿ ಕಟಗಿ ಹಾಕು." ಮರುದಿನ ಅವರೇ ಎರಡು ಹೊರೆ ತೊಗರಿ ಕಟ್ಟಿಗೆ ತಂದರು. ಈ ಸಲ ಒಂದೂವರೆ ಗಂಟೆ ಒಂದೇ ಸಮ ಉರಿಯಿತು. ಸಂಜೆಗತ್ತಲಲ್ಲಿ ಡಬ್ಬಿಯ ತಳ ಮಂದ ಕೆಂಪಾಗಿ ಕಾಣುತ್ತಿತ್ತು. ತೂತಿನ ಹತ್ತಿರದ ಜ್ವಾಲೆ ನಿಂತಾಗ ಸೌದೆ ಹಾಕುವುದು ನಿಲ್ಲಿಸಿದೆವು. ಬೆಳಿಗ್ಗೆ ತೆಗೆದಾಗ ತಂತಿ ಕರಗಿ ಸಣ್ಣ ಮಣಿಯಾಗಿತ್ತು. ಆ ಮಣಿ ಈಗಲೂ ಕಿಟಕಿಯಲ್ಲಿದೆ.

ರಾತ್ರಿಯಿಡೀ ಆರಲು ಬಿಡುವುದು ಕಡ್ಡಾಯ. ಬಿಸಿ ಇದ್ದಾಗಲೇ ಮುಚ್ಚಳ ತೆಗೆದರೆ ಗಾಳಿ ತಾಗಿ ಇದ್ದಿಲೇ ಹೊತ್ತಿಕೊಳ್ಳುತ್ತದೆ. ಸುಡುವ ಕೆಲಸ ಬಯಲಲ್ಲೇ ಆಗಬೇಕು, ಅದರಿಂದ ಬರುವ ಅನಿಲ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಒಟ್ಟು 6 ಕೆಜಿ ದಿಂಡಿಗೆ ಒಂದೂವರೆ ಕೆಜಿ ಇದ್ದಿಲು ಸಿಕ್ಕಿತು.

ಚೆನ್ನಾಗಿ ಸುಟ್ಟಿದೆಯೋ ಇಲ್ಲವೋ ನೋಡಲು ಇನ್ನೆರಡು ಉಪಾಯ. ಬೆರಳಿಗೆ ಉಜ್ಜಿ ಬರೀ ನೀರಲ್ಲಿ ತೊಳೆದರೆ ಹೋಗಬೇಕು, ಜಿಡ್ಡು ಉಳಿದರೆ ಟಾರು ಇನ್ನೂ ಇದೆ ಅಂತ ಅರ್ಥ. ಇನ್ನೊಂದು ಮಲ್ಟಿಮೀಟರ್. ಚೆನ್ನಾಗಿ ಸುಟ್ಟ ಇದ್ದಿಲು ವಿದ್ಯುತ್ತನ್ನು ಹರಿಯಲು ಬಿಡುತ್ತದೆ, ಅರೆಬೆಂದದ್ದು ಬಿಡುವುದಿಲ್ಲ. ರವದಿಯಲ್ಲಿ ಸುಟ್ಟ ತುಂಡಿಗೆ ಮುಳ್ಳು ಅಲ್ಲಾಡಲೇ ಇಲ್ಲ. ತೊಗರಿ ಕಟ್ಟಿಗೆಯಲ್ಲಿ ಸುಟ್ಟದ್ದಕ್ಕೆ ತಕ್ಷಣ ಓಡಿತು.

ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಕಾರ್ಬನ್‌ಗೆ ಇದು ಸಮ ಅಲ್ಲ. ಅದನ್ನು 800 ಡಿಗ್ರಿಗಿಂತ ಮೇಲೆ ಹಬೆ ಹಾಯಿಸಿಯೋ, ರಾಸಾಯನಿಕದಲ್ಲಿ ನೆನೆಸಿಯೋ ತಯಾರಿಸುತ್ತಾರೆ. ಸತುವಿನ ಕ್ಲೋರೈಡ್, ಫಾಸ್ಫಾರಿಕ್ ಆಮ್ಲ ಅಂಥವನ್ನು ತೋಟದ ಮನೆಯಲ್ಲಿ ಬಳಸಲು ನಾನು ಹೋಗಲಿಲ್ಲ, ಕುಡಿಯುವ ನೀರಿಗೆ ಅವುಗಳ ಉಳಿಕೆ ಬರುವುದು ಬೇಡ. ಹ್ಯೂಮಿಕ್ ಅಣುಗಳು ದೊಡ್ಡವಾದ್ದರಿಂದ ಅತಿ ಸಣ್ಣ ತೂತುಗಳೊಳಗೆ ಹೇಗೂ ಹೋಗಲಾರವು. ನಮ್ಮ ಇದ್ದಿಲಿನ ಶಕ್ತಿ ಕಡಿಮೆ, ಹಾಗಾಗಿ ಪ್ರಮಾಣ ಜಾಸ್ತಿ, ಬದಲಾಯಿಸುವುದು ಬೇಗ. ಕಸ ಪುಕ್ಕಟೆ ಇರುವಾಗ ಇದು ಆಗದ ಮಾತಲ್ಲ.

ಬೂದಿ ಮಾಡಿದ ತೊಂದರೆ

ಇದ್ದಿಲನ್ನು ಒನಕೆಯಲ್ಲಿ ಮೆಲ್ಲಗೆ ಕುಟ್ಟಿ, ಜರಡಿ ಹಿಡಿದು, ಹಿಟ್ಟನ್ನು ಬಿಟ್ಟು ದಪ್ಪ ರವೆಯಷ್ಟು ಗಾತ್ರದ್ದನ್ನು ಮಾತ್ರ ತೆಗೆದುಕೊಂಡೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಬಹಳ. ಎರಡು ಸಲ ತೊಳೆದು ಪೈಪಿಗೆ ತುಂಬಿ ನೀರು ಬಿಟ್ಟೆ. ಕೆಳಗೆ ಬಂದ ನೀರು ಹೊಂಡದ ನೀರಿಗಿಂತ ಗಾಢ ಬಣ್ಣದ್ದು!

ಒಂದು ದಿನ ಪೂರ್ತಿ ತಲೆ ಕೆಡಿಸಿಕೊಂಡೆ. ಇದ್ದಿಲಿನಿಂದಲೇ ಬಣ್ಣ ಬರುತ್ತಿದೆಯೋ ಅಂತ ಒಂದು ಮುಷ್ಟಿಯನ್ನು ಆರ್‌ಓ ನೀರಲ್ಲಿ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಆ ನೀರು ತಿಳಿಯಾಗಿಯೇ ಇತ್ತು. ಅಂದರೆ ಸುಟ್ಟದ್ದು ಸರಿಯಾಗಿದೆ. ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿದೆ. ಕಡು ಹಸಿರು, ನೀಲಿಯ ಹತ್ತಿರ, 9ಕ್ಕಿಂತ ಮೇಲೆ. ಆಗ ಕಾರಣ ಹೊಳೆಯಿತು. ದಿಂಡಿನ ಬೂದಿಯಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತದೆ, ಅದು ನೀರನ್ನು ಕ್ಷಾರವಾಗಿಸುತ್ತದೆ. ಹ್ಯೂಮಿಕ್ ಆಮ್ಲದ ಗುಣವೇ ಕ್ಷಾರದಲ್ಲಿ ಚೆನ್ನಾಗಿ ಕರಗುವುದು. ಮಣ್ಣಿನಿಂದ ಅದನ್ನು ಹೊರತೆಗೆಯುವವರು ಕ್ಷಾರದಲ್ಲೇ ನೆನೆಸುತ್ತಾರೆ. ಕ್ಷಾರದಲ್ಲಿ ಅದರ ಬಣ್ಣವೂ ಗಾಢವಾಗುತ್ತದೆ. ಇದ್ದಿಲಿಗೆ ಅಂಟುವ ಬದಲು ಅದು ನೀರಲ್ಲೇ ಉಳಿಯಿತು.

ಆಮೇಲೆ ತೊಳೆಯುವುದನ್ನೇ ದೊಡ್ಡ ಕೆಲಸವಾಗಿ ಮಾಡಿದೆ. ಹಂಡೆಯಲ್ಲಿ ಇದ್ದಿಲು ಹಾಕಿ ಅರ್ಧ ಗಂಟೆ ಕುದಿಸುವುದು, ನೀರು ಬಸಿಯುವುದು, ಮತ್ತೆ ಕುದಿಸುವುದು. ಐದು ಸಲ ಆದ ಮೇಲೆ ಪಿಎಚ್ ಏಳೂವರೆಗೆ ಬಂತು. ಕುದಿಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ಒಣ ಇದ್ದಿಲು ಒಳಗೆಲ್ಲ ಗಾಳಿ ತುಂಬಿಕೊಂಡು ತೇಲುತ್ತದೆ, ಪೈಪಿನಲ್ಲಿ ನೀರು ಸಂದಿಯಲ್ಲೇ ಜಾರಿ ಹೋಗುತ್ತದೆ. ಕುದಿಸಿದಾಗ ಗಾಳಿ ಹೊರಬಂದು ಹರಳುಗಳು ಮುಳುಗಿದವು. ಬಸಿದ ನೀರನ್ನು ತೆಂಗಿನ ಬುಡಕ್ಕೆ ಹಾಕಿದೆವು, ಪೊಟ್ಯಾಶ್ ಸುಮ್ನೆ ಚೆಲ್ಲುವುದೇಕೆ.

ಪೈಪಿನ ಕಂಬ

4 ಇಂಚಿನ ಪಿವಿಸಿ ಪೈಪು, 1.2 ಮೀಟರ್ ಉದ್ದ. ಕೆಳಗೆ ಎಂಡ್ ಕ್ಯಾಪ್. ತಳದಲ್ಲಿ ಒಂದು ಗೇಣು ಗರಸು ಮತ್ತು ತೊಳೆದ ಮರಳು, ಅದರ ಮೇಲೆ 80 ಸೆಂಟಿಮೀಟರ್ ಇದ್ದಿಲು, ಮೇಲೆ ನಾಲ್ಕು ಬೆರಳು ಮರಳು. ಹೊರಬರುವ ಸಣ್ಣ ಪೈಪನ್ನು ಕೆಳಗಿನಿಂದ ತೆಗೆದು, ಇದ್ದಿಲಿನ ಮಟ್ಟಕ್ಕಿಂತ ಮೇಲೆ ಏರಿಸಿ ಬಗ್ಗಿಸಿದೆ. ಹೀಗೆ ಮಾಡಿದರೆ ನೀರು ಬಿಡದೇ ಇದ್ದಾಗಲೂ ಇದ್ದಿಲು ಒಣಗುವುದಿಲ್ಲ.

ಆ 80 ಸೆಂಟಿಮೀಟರ್‌ನಲ್ಲಿ ಸುಮಾರು 6.8 ಲೀಟರ್ ಇದ್ದಿಲು ಕೂರುತ್ತದೆ, ತೂಕ 1.2 ಕೆಜಿ. ಗಂಟೆಗೆ 20 ಲೀಟರ್ ನೀರು ಬಿಟ್ಟರೆ ನೀರಿಗೆ ಇದ್ದಿಲಿನ ಜಾಗ ದಾಟಲು 20 ನಿಮಿಷ ಸಿಗುತ್ತದೆ. ಈ ಸಮಯವೇ ಮುಖ್ಯ. ದೊಡ್ಡ ಅಣುಗಳು ಮೆಲ್ಲಗೆ ಚಲಿಸುತ್ತವೆ, ಅವಸರ ಮಾಡಿದರೆ ಅಂಟಿಕೊಳ್ಳದೆ ದಾಟಿ ಹೋಗುತ್ತವೆ. ನೀರು ನಿಧಾನ ಬಿಡಲು ಹೊಲದ ಡ್ರಿಪ್ಪರ್‌ಗಳನ್ನೇ ಹಾಕಿದ್ದೆ, ಗಂಟೆಗೆ 4 ಲೀಟರ್‌ನವು ಐದು. ಸರಿಯಾಗಲಿಲ್ಲ. ಆ 4 ಲೀಟರ್ ಪಂಪಿನ ಒತ್ತಡಕ್ಕೆ ಹೇಳಿದ ಅಂಕಿ, ಮೇಲಿನ ಬಕೆಟ್‌ನ 1 ಮೀಟರ್ ಎತ್ತರಕ್ಕೆ ಅದರ ಮೂರರಲ್ಲೊಂದು ಪಾಲೂ ಬರಲಿಲ್ಲ. ಕೊನೆಗೆ ಸಣ್ಣ ನಲ್ಲಿ ಹಾಕಿ, ಒಂದು ಲೀಟರ್ ತಂಬಿಗೆ ಮೂರು ನಿಮಿಷಕ್ಕೆ ತುಂಬುವಂತೆ ತಿರುಗಿಸಿ, ನಲ್ಲಿಗೆ ಗುರುತು ಹಾಕಿದೆ.

ಬೆಳಿಗ್ಗೆ ಮೊದಲ ಬಕೆಟ್ ಚೆಲ್ಲಿ, ಎರಡನೆಯದರ ನೀರು ಬಾಟಲಿಗೆ ತುಂಬಿ ಕಿಟಕಿಗೆ ಒಯ್ದೆ. ಎರಡನೇ ಬಾಟಲಿಗೆ ಸಮ. ಅಂದರೆ ಬಣ್ಣ ಅರ್ಧ ಉಳಿದಿದೆ. ಕ್ಲೋರಿನ್ ಲೆಕ್ಕ 6ರಿಂದ ಮೂರೂವರೆಗೆ ಬಂದಿತ್ತು. ಬೇಸರವಾಗಲಿಲ್ಲ, ಆದರೆ ಸಾಲಲಿಲ್ಲ. ಅದೂ ಐದೇ ದಿನಕ್ಕೆ ಬಣ್ಣ ಮತ್ತೆ ಏರತೊಡಗಿತು.

ಸವಳು ನೀರಿನ ಸಹಾಯ

ಇದ್ದಿಲಿನ ಮೇಲೆ ಇಷ್ಟು ಹೊರೆ ಹಾಕಬಾರದು, ದೊಡ್ಡ ಅಣುಗಳನ್ನು ಮೊದಲೇ ಪಟಿಕದಿಂದ ಇಳಿಸಬೇಕು ಅಂತ ಅನ್ನಿಸಿತು. ಪಟಿಕಕ್ಕೆ ನಮ್ಮ ಕಡೆ ತುರಟಿ ಅಂತೀವಿ. 10 ಗ್ರಾಂ ತುರಟಿಯನ್ನು 1 ಲೀಟರ್ ನೀರಲ್ಲಿ ಕರಗಿಸಿಕೊಂಡೆ. ಒಂದೊಂದು ಲೀಟರಿನ ಬಾಟಲಿಗಳಿಗೆ 2, 4, 6, 8 ಮಿಲಿಲೀಟರ್ ಹಾಕಿ, ಒಂದು ನಿಮಿಷ ಜೋರಾಗಿ, ಕಾಲು ಗಂಟೆ ಮೆಲ್ಲಗೆ ಕಲಕಿದೆ. ಯಾವುದರಲ್ಲೂ ಸರಿಯಾಗಿ ಹೆಪ್ಪು ಕೂರಲಿಲ್ಲ. ಬರೀ ಮಸುಕು. ಪಟ್ಟಿ ಅದ್ದಿದರೆ ಪಿಎಚ್ 5ರ ಹತ್ತಿರ.

ಇದಕ್ಕೆ ಕಾರಣ ನಾವು ಹೆಮ್ಮೆಪಡುತ್ತಿದ್ದ ಆ ಮೆತ್ತನೆ ಮಳೆ ನೀರೇ. ತುರಟಿ ನೀರಲ್ಲಿ ಹುಳಿ ಬಿಡುತ್ತದೆ. ಆ ಹುಳಿಯನ್ನು ತಡೆದುಕೊಳ್ಳಲು ನೀರಲ್ಲಿ ಬೈಕಾರ್ಬೋನೇಟ್ ಇರಬೇಕು. ಮಳೆ ನೀರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೋರ್‌ವೆಲ್ ನೀರಲ್ಲಿ ಬೇಕಾದಷ್ಟಿದೆ! ಐದು ಪಾಲು ಹೊಂಡದ ನೀರಿಗೆ ಒಂದು ಪಾಲು ಬೋರಿನ ನೀರು ಬೆರೆಸಿದೆ. ಟಿಡಿಎಸ್ 400 ಆಯಿತು, ಕುಡಿಯುವ ನೀರಿಗೆ ಹೇಳಿರುವ 500ರ ಒಳಗೇ. ಈಗ 6 ಮಿಲಿಲೀಟರಿನ ಬಾಟಲಿಯಲ್ಲಿ, ಅಂದರೆ ಲೀಟರಿಗೆ 60 ಮಿಲಿಗ್ರಾಂ ತುರಟಿಗೆ, ಹಿಂಜಿದ ಹತ್ತಿಯಂಥ ಕಂದು ಹೆಪ್ಪು ಕಟ್ಟಿ ಒಂದು ಗಂಟೆಯಲ್ಲಿ ತಳಕ್ಕೆ ಕೂತಿತು. ಮೇಲಿನ ನೀರಿನ ಪಿಎಚ್ ಆರೂವರೆ. ಹ್ಯೂಮಿಕ್ ತೆಗೆಯಲು ತುರಟಿಗೆ 6ರ ಸುತ್ತಮುತ್ತಲ ಪಿಎಚ್ ಬಹಳ ಅನುಕೂಲ.

ಬೋರಿನ ನೀರು ಇದ್ದಿಲಿಗೂ ಸಹಾಯ ಮಾಡಿತು. ಅದರಲ್ಲಿರುವ ಕ್ಯಾಲ್ಸಿಯಂ ಹ್ಯೂಮಿಕ್ ಅಣುಗಳ ಋಣ ವಿದ್ಯುತ್ತನ್ನು ತಗ್ಗಿಸುತ್ತದೆ. ಕೈಕಾಲು ಚಾಚಿಕೊಂಡಿದ್ದ ಅಣು ಮುದುಡಿ ಚಿಕ್ಕದಾಗುತ್ತದೆ, ಇದ್ದಿಲಿನ ಹತ್ತಿರ ಬರಲು, ತೂತಿನೊಳಗೆ ಸೇರಲು ಅದಕ್ಕೆ ಸುಲಭ. ಇಷ್ಟು ವರ್ಷ ಶಪಿಸಿದ ನೀರು ಹೀಗೆ ಕೈಹಿಡಿದದ್ದು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ನೀವು ಬೆರೆಸುವ ಮೊದಲು ನಿಮ್ಮ ಬೋರಿನ ಫ್ಲೋರೈಡ್ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ, ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಇರುವ ಬೋರುಗಳಿವೆ. ಫ್ಲೋರೈಡನ್ನಾಗಲಿ ಉಪ್ಪನ್ನಾಗಲಿ ನೈಟ್ರೇಟನ್ನಾಗಲಿ ಈ ಇದ್ದಿಲು ತೆಗೆಯುವುದಿಲ್ಲ. ನಮ್ಮ ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 0.8 ಮಿಲಿಗ್ರಾಂ ಇತ್ತು, ಬೆರೆಸಿದಾಗ ಅದೂ ಇಳಿಯುತ್ತದೆ.

ಇದ್ದಿಲನ್ನು ಹೊಸದಾಗಿ ತುಂಬಿ, ತುರಟಿಯಿಂದ ತಿಳಿಯಾದ ನೀರನ್ನು ಬಿಟ್ಟೆ. ಕಿಟಕಿಯ ಸಾಲಿನಲ್ಲಿ ಅದು ಮೂರು ಮತ್ತು ನಾಲ್ಕನೇ ಬಾಟಲಿಯ ನಡುವೆ ಬಂತು. ಕ್ಲೋರಿನ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ಹಾಕಿದರೆ ಅರ್ಧ ಗಂಟೆಯ ಮೇಲೂ ಗುಲಾಬಿ ಬಣ್ಣ ಉಳಿಯಿತು. 6 ಎಲ್ಲಿ, ಒಂದೂವರೆ ಎಲ್ಲಿ! ಎರಡೂ ನೀರನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟೆ. ನೀರಿನ ಬಣ್ಣ ಅಳೆಯುವ ಹೇಜನ್ ಲೆಕ್ಕದಲ್ಲಿ ಹೊಂಡದ ನೀರು 60, ಸೋಸಿದ್ದು 10. ಮಾನದಂಡದಲ್ಲಿ 5 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 15ರವರೆಗೆ ನಡೆಯುತ್ತದೆ. ನನ್ನ ಬಾಟಲಿಗಳು ಸುಳ್ಳು ಹೇಳಿರಲಿಲ್ಲ.

ರೋಗಾಣುವಿನ ವಿಷಯ ಬೇರೆ. ರೋಗಾಣು ಇರುವ ನೀರು ಹಾಕಿಟ್ಟರೆ ಕಪ್ಪಾಗುವ ಎಚ್‌ಟುಎಸ್ ಬಾಟಲಿಯಲ್ಲಿ ಪರೀಕ್ಷಿಸಿದಾಗ, ಇದ್ದಿಲಿನಿಂದ ಬಂದ ನೀರು ಎರಡು ದಿನದೊಳಗೆ ಕಪ್ಪಾಯಿತು. ಕ್ಲೋರಿನ್ ಹಾಕಿದ್ದು ಆಗಲಿಲ್ಲ. ಇದ್ದಿಲು ರೋಗಾಣು ಕೊಲ್ಲುವುದಿಲ್ಲ, ಅದರ ಮೇಲೆ ಅವು ಬೆಳೆಯಲೂಬಹುದು. ಕ್ಲೋರಿನ್ ಯಾವಾಗಲೂ ಕೊನೆಗೆ. ಮೊದಲೇ ಹಾಕಿದರೆ ಇದ್ದಿಲು ಅದನ್ನೂ ಹೀರಿಬಿಡುತ್ತದೆ. ಔಷಧ ಹೊಡೆದ ಹೊಲದ ನೀರು, ಕೊಟ್ಟಿಗೆಯ ನೀರು ಹರಿದು ಬರುವ ಹೊಂಡವಾದರೆ ಈ ಕಂಬವನ್ನು ನಂಬಿ ಕುಡಿಯಬೇಡಿ. ನಮ್ಮ ಹೊಂಡಕ್ಕೆ ಮಾಳಿಗೆಯ ನೀರು ಮತ್ತು ಮೇಲಿನ ಖಾಲಿ ಪಡದ ನೀರು ಮಾತ್ರ ಬರುತ್ತದೆ.

ದಿನಕ್ಕೆ 40 ಲೀಟರ್, ಅಡುಗೆಗೆ ಮತ್ತು ಕುಡಿಯಲು. 24ನೇ ದಿನ ಬಾಟಲಿಯ ಬಣ್ಣ ಎರಡನೆಯದರ ಕಡೆ ಜಾರಿತು, ಕ್ಲೋರಿನ್ ಎರಡೂವರೆ ಕೇಳಿತು. ಅಲ್ಲಿಗೆ ಸುಮಾರು 960 ಲೀಟರ್ ಆಗಿತ್ತು. ಅಂದರೆ 1 ಕೆಜಿ ಇದ್ದಿಲು 800 ಲೀಟರ್ ನೀರಿಗೆ. ಈಗ ಮೂರು ವಾರಕ್ಕೊಮ್ಮೆ, ಬಣ್ಣ ಏರುವ ತನಕ ಕಾಯದೆ, ಇದ್ದಿಲು ಬದಲಾಯಿಸುತ್ತೇನೆ. ತೆಗೆದದ್ದು ತಿಪ್ಪೆಗೆ ಹೋಗುತ್ತದೆ. ಎಲೆಯ ಸಾರ ಹಿಡಿದ ಇದ್ದಿಲು, ಸೆಗಣಿಯ ಜೊತೆ ಕಲೆತು ಹೊಲಕ್ಕೇ ವಾಪಸ್.

ಹೊಂಡದ ಮೇಲೆ ಹಳೇ ಶೇಡ್‌ನೆಟ್ ಎಳೆದು ಕಟ್ಟುವ ಕೆಲಸ ಅರ್ಧ ಆಗಿದೆ. ಎಲೆ ನೀರಿಗೆ ಬೀಳದಿದ್ದರೆ ಮುಂದಿನ ಬೇಸಿಗೆಗೆ ಇಷ್ಟು ಇದ್ದಿಲೂ ಬೇಕಾಗಲಿಕ್ಕಿಲ್ಲ. ಎರಡನೇ ಪೈಪೂ ತಂದಿಟ್ಟಿದ್ದೇನೆ, ಎರಡು ಕಂಬಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಮೊದಲನೆಯದು ಸೋತಾಗ ಎರಡನೆಯದು ಹಿಡಿಯುತ್ತದೆ. ನಿನ್ನೆ ಅವ್ವ ಕುಕ್ಕರ್ ಇಳಿಸುತ್ತಾ, "ಬ್ಯಾಳಿ ಎರಡ ಸೀಟಿಗೇ ಕುದ್ದಾವ ನೋಡವ್ವಾ" ಅಂದಳು. ಮಾಳಿಗೆಯ ಮೇಲೆ ದಿಂಡು ಒಣಗುತ್ತಿದೆ. ರವಿವಾರ ಕಾಕಾ ತೊಗರಿ ಕಟ್ಟಿಗೆ ತರುತ್ತಾರೆ.